ಆರು ದಿನಗಳ ಸೃಷ್ಟಿಯೂ ಲಾಲ್‌ಬಾಗಿನ ಬಂಡೆಯೂ



ಪಾಸ್ಖ ಜಾಗರಣೆಯ ರಾತ್ರಿ ಚರ್ಚಿನ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತೇವೆ. ಪಾಸ್ಖ ಮೇಣದಬತ್ತಿಯಿಂದ ನಮ್ಮ ನಮ್ಮ ಕೈಯ ಬತ್ತಿಗಳನ್ನು ಹಚ್ಚಿಕೊಂಡು ಕತ್ತಲಾದ ದೇವಾಲಯದೊಳಕ್ಕೆ ಬರುತ್ತೇವೆ. ಸ್ತುತಿಗಾನ ಮುಗಿದು ಎಲ್ಲರೂ ಕುಳಿತುಕೊಂಡ ಮೇಲೆ ಮೊದಲು ಕಿವಿಗೆ ಬೀಳುವ ವಾಚನ ಯಾವುದು? ಯೇಸುವಿನ ಪುನರುತ್ಥಾನದ್ದಲ್ಲ, ಆದಿಕಾಂಡದ ಮೊದಲನೆಯ ಅಧ್ಯಾಯ. ಆ ರಾತ್ರಿಗೆಂದು ಧರ್ಮಸಭೆ ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳನ್ನು ಆರಿಸಿಟ್ಟಿದೆ. ಅವುಗಳಲ್ಲಿ ಮೊದಲನೆಯದು ದೇವರು ಆರು ದಿನಗಳಲ್ಲಿ ಆಕಾಶ, ಭೂಮಿ, ಗಿಡಮರ, ಪ್ರಾಣಿಪಕ್ಷಿ ಹಾಗೂ ಮನುಷ್ಯರನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದರೆಂಬ ವೃತ್ತಾಂತ.

ಅದನ್ನು ಕೇಳುತ್ತ ಕುಳಿತ ನಮ್ಮ ಮಕ್ಕಳ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೇವೆಯೇ? ಹೈಗ್ರೌಂಡ್ಸಿನ ನೆಹರು ತಾರಾಲಯಕ್ಕೆ ಹೋಗಿ ಬಂದವರು, ಪಿಯುಸಿಯಲ್ಲಿ ಜೀವವಿಕಾಸದ ಪಾಠ ಓದಿ ಪರೀಕ್ಷೆ ಬರೆದವರು ಅಲ್ಲೇ ನಮ್ಮ ಪಕ್ಕದಲ್ಲಿ ಕುಳಿತಿರುತ್ತಾರೆ. ವಾಚನ ಮುಗಿದಾಗ ಅವರೂ ನಮ್ಮಂತೆಯೇ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಆದರೆ ಒಳಗೊಂದು ಪ್ರಶ್ನೆ ಉಳಿದೇ ಇರುತ್ತದೆ.

ಈ ಪ್ರಶ್ನೆಯನ್ನು ನಮ್ಮ ಮುಂದೆ ಬಾಯಿಬಿಟ್ಟು ಕೇಳಿದವನು ಒಬ್ಬ ಹುಡುಗ. ನಾವು ಬಿನ್ನಿಪೇಟೆಯಲ್ಲಿ ಭಾನುವಾರದ ಜ್ಞಾನೋಪದೇಶ ತರಗತಿ ನಡೆಸುತ್ತಿದ್ದ ಕಾಲ ಅದು. ಅವನ ತಂದೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಶಾಲೆಯಿಂದ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದರಂತೆ. "ಸರ್, ಆ ಬಂಡೆಗೆ ಮುನ್ನೂರು ಕೋಟಿ ವರ್ಷ ಅಂತ ಅಲ್ಲಿ ಬರೆದಿದ್ದಾರೆ. ನೀವು ದೇವರು ಆರು ದಿನದಲ್ಲಿ ಎಲ್ಲ ಮಾಡಿದರು ಅಂತ ಹೇಳ್ಕೊಡ್ತೀರಿ. ಎರಡರಲ್ಲಿ ಯಾವುದು ಸುಳ್ಳು ಸರ್?" ಎಂದ. ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. "ದೇವರ ವಾಕ್ಯವನ್ನು ಹಾಗೆಲ್ಲ ಪ್ರಶ್ನಿಸಬಾರದು, ಕೂತ್ಕೋ" ಎಂದೆವು. ಅವನು ಕುಳಿತ. ದೃಢೀಕರಣ ಸಂಸ್ಕಾರ ಆಗುವವರೆಗೂ ತರಗತಿಗೆ ಬಂದ, ಆಮೇಲೆ ಚರ್ಚಿನ ಕಡೆ ತಲೆ ಹಾಕಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಸಿಗದ ಮಾತ್ರಕ್ಕೆ ಯಾರೂ ವಿಶ್ವಾಸ ಬಿಡುವುದಿಲ್ಲ ಎಂದು ಹಲವರು ನಮಗೆ ಸಮಾಧಾನ ಹೇಳಿದ್ದುಂಟು. ಇರಬಹುದು. ಆದರೆ ಅಂದು ನಮಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಅವನ ಪ್ರಶ್ನೆಯನ್ನು ಸಾವಿರದ ಐನೂರು, ಸಾವಿರದ ಏಳುನೂರು ವರ್ಷಗಳ ಹಿಂದೆಯೇ ಧರ್ಮಸಭೆಯ ಪಂಡಿತರು ಕೇಳಿಕೊಂಡಿದ್ದರೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅಂದು ಹೇಳಬೇಕಿದ್ದ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಬಂಡೆಯಿಂದಲೇ ಆರಂಭಿಸೋಣ. ಬಿನ್ನಿಪೇಟೆಯಿಂದ ಲಾಲ್‌ಬಾಗು ದೂರವೇನಲ್ಲ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಯ ಮೇಲೆ ಬರಿಗಾಲಲ್ಲಿ ಓಡಿ ಆಡದ ಬೆಂಗಳೂರಿನ ಮಕ್ಕಳು ಕಡಿಮೆ. ಭೂವಿಜ್ಞಾನಿಗಳು ಅದನ್ನು 'ಪೆನಿನ್ಸುಲಾರ್ ನೈಸ್' ಎಂದು ಕರೆಯುತ್ತಾರೆ. ಈ ಹೆಸರನ್ನು 1916ರಲ್ಲಿ ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ನಮ್ಮ ಹುಡುಗ ಓದಿದ್ದು ಸರಿಯಾಗಿಯೇ ಇತ್ತು.

ಅಷ್ಟು ವರ್ಷವೆಂದು ಯಾರು ಎಣಿಸಿದರು ಎಂದು ಕೆಲವರು ಕೇಳುತ್ತಾರೆ. ಇಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಮೂಡುವಾಗ ಅದರೊಳಗೆ ಒಂದಿಷ್ಟು ಯುರೇನಿಯಂ ಸೇರಿಕೊಳ್ಳುತ್ತದೆ, ಸೀಸ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಆ ಯುರೇನಿಯಂ ತನ್ನದೇ ನಿಧಾನಗತಿಯಲ್ಲಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ 238 ಎಂಬ ಬಗೆ ಅರ್ಧದಷ್ಟು ಕರಗಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಈಗ ಎಷ್ಟು ಸೀಸವಿದೆ, ಎಷ್ಟು ಯುರೇನಿಯಂ ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಮೇಣದಬತ್ತಿ ಎಷ್ಟು ಉರಿದಿದೆ ಎಂದು ನೋಡಿ ಎಷ್ಟು ಹೊತ್ತಾಯಿತೆಂದು ಹೇಳುವ ಹಾಗೆ. ಇದರಲ್ಲಿ ದೇವದೂಷಣೆಯೇನಿದೆ?

ಹಾಗಾದರೆ ಲೋಕಕ್ಕೆ ಆರು ಸಾವಿರ ವರ್ಷ ಎಂಬ ಮಾತು ಎಲ್ಲಿಂದ ಬಂತು? ಬೈಬಲಿನಲ್ಲಿ ಎಲ್ಲಿ ಹುಡುಕಿದರೂ ಅಂಥ ಒಂದು ಸಂಖ್ಯೆ ಸಿಗುವುದಿಲ್ಲ. ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ ಎಂಬವರು ಬೈಬಲಿನ ವಂಶಾವಳಿಗಳನ್ನೂ ಅರಸರ ಆಳ್ವಿಕೆಯ ವರ್ಷಗಳನ್ನೂ ಕೂಡಿ ಕಳೆದು, ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ ತಿಂಗಳಲ್ಲಿ ಎಂದು 1650ರಲ್ಲಿ ಪ್ರಕಟಿಸಿದರು. 1701ರಿಂದ ಇಂಗ್ಲಿಷ್ ಬೈಬಲಿನ ಪುಟಗಳ ಅಂಚಿನಲ್ಲಿ ಆ ವರ್ಷಗಳನ್ನು ಅಚ್ಚು ಹಾಕತೊಡಗಿದರು. ಓದುವವರು ಅಂಚಿನ ಟಿಪ್ಪಣಿಯನ್ನೂ ದೇವರ ವಾಕ್ಯವೆಂದೇ ತಿಳಿದುಬಿಟ್ಟರು!

ಇದು ಪ್ರೊಟೆಸ್ಟೆಂಟರ ತಪ್ಪು, ನಮ್ಮದಲ್ಲ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ರೋಮಿನ ಸಂತರ ದಿನಚರಿ ಗ್ರಂಥದಲ್ಲಿ ಕ್ರಿಸ್ತಜಯಂತಿಯ ಮುನ್ನಾದಿನ ಹಾಡುವ ಒಂದು ಘೋಷಣೆಯಿದೆ. ಲೋಕ ಸೃಷ್ಟಿಯಾಗಿ 5199ನೆಯ ವರ್ಷದಲ್ಲಿ ಯೇಸು ಜನಿಸಿದರೆಂದು ಶತಮಾನಗಳ ಕಾಲ ನಮ್ಮ ಗುರುಗಳು ಲತೀನಿನಲ್ಲಿ ಅದನ್ನು ಹಾಡಿದರು. ಅಷರರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಸಾವಿರದ ಮೇಲೆ ವರ್ಷಗಳ ವ್ಯತ್ಯಾಸ! ಹೀಬ್ರೂ ಮೂಲಕ್ಕೂ ಗ್ರೀಕ್ ಅನುವಾದಕ್ಕೂ ವಂಶಾವಳಿಯ ಅಂಕಿಗಳು ಬೇರೆಬೇರೆ ಇದ್ದುದೇ ಇದಕ್ಕೆ ಕಾರಣ. 2001ರಲ್ಲಿ ಹೊರಬಂದ ಹೊಸ ಆವೃತ್ತಿಯಲ್ಲಿ ಧರ್ಮಸಭೆ ಆ ಸಂಖ್ಯೆಯನ್ನು ತೆಗೆದು, ಸೃಷ್ಟಿಯಿಂದೀಚೆಗೆ ಎಣಿಸಲಾಗದ ಯುಗಗಳು ಕಳೆದವೆಂಬ ಅರ್ಥದ ಮಾತನ್ನು ಸೇರಿಸಿತು. ಯಾವ ಗದ್ದಲವೂ ಆಗಲಿಲ್ಲ. ಯಾರ ವಿಶ್ವಾಸವೂ ಕುಸಿಯಲಿಲ್ಲ.

ಸೂರ್ಯನಿಲ್ಲದ ಮೂರು ದಿನ

ಆದಿಕಾಂಡವನ್ನು ಮನೆಯಲ್ಲಿ ಒಮ್ಮೆ ತೆರೆದು ನಿಧಾನವಾಗಿ ಓದಿ ನೋಡಿ. ಬೆಳಕು ಉಂಟಾದದ್ದು ಮೊದಲನೆಯ ದಿನ. ಗಿಡಮರಗಳು ಮೊಳೆತದ್ದು ಮೂರನೆಯ ದಿನ. ಸೂರ್ಯ, ಚಂದ್ರ, ನಕ್ಷತ್ರಗಳು ಬಂದದ್ದು ನಾಲ್ಕನೆಯ ದಿನ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಸಂಜೆ, ಮುಂಜಾನೆ ಆದದ್ದು ಹೇಗೆ? ಇದನ್ನು ಕೇಳಲು ದೂರದರ್ಶಕ ಬೇಕಿಲ್ಲ. ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಒರಿಜೆನ್ ಎಂಬ ಧರ್ಮಪಂಡಿತರು ಇದೇ ಪ್ರಶ್ನೆ ಎತ್ತಿ, ಬುದ್ಧಿಯುಳ್ಳ ಯಾರೂ ಇದನ್ನು ಅಕ್ಷರಶಃ ನಡೆದ ದಿನಗಳೆಂದು ತೆಗೆದುಕೊಳ್ಳಲಾರರೆಂದು ಬರೆದರು. ಇನ್ನೂ ಒಂದು ಸಂಗತಿಯಿದೆ. ಮೊದಲನೆಯ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಗಂಡು ಹೆಣ್ಣು ಜೊತೆಯಾಗಿ ಸೃಷ್ಟಿಯಾಗುತ್ತಾರೆ. ಎರಡನೆಯ ಅಧ್ಯಾಯಕ್ಕೆ ಬಂದರೆ ಮೊದಲು ಗಂಡು, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಎರಡು ವೃತ್ತಾಂತಗಳನ್ನು ಅಕ್ಕಪಕ್ಕದಲ್ಲೇ ಇಟ್ಟು ಒಂದು ಗ್ರಂಥವಾಗಿ ಜೋಡಿಸಿದವರಿಗೆ ಈ ವ್ಯತ್ಯಾಸ ಕಾಣಲಿಲ್ಲವೇ? ಕಂಡಿತ್ತು. ತಾರೀಖುಪಟ್ಟಿ ಬರೆಯುವುದು ಅವರ ಉದ್ದೇಶವಾಗಿರಲಿಲ್ಲ, ಅಷ್ಟೆ.

ಇದನ್ನು ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಸಂತ ಅಗಸ್ಟೀನರು. ಉತ್ತರ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದ ಅವರು ಸುಮಾರು 401ರಿಂದ 415ರವರೆಗೆ, ಹದಿನಾಲ್ಕು ವರ್ಷಗಳಷ್ಟು ಕಾಲ, ಆದಿಕಾಂಡದ ಮೊದಲ ಮೂರು ಅಧ್ಯಾಯಗಳಿಗೆ ಒಂದು ದೊಡ್ಡ ವ್ಯಾಖ್ಯಾನ ಬರೆದರು. ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಸೃಷ್ಟಿಸಿದರು, ಆದರೆ ಹಲವು ಜೀವಿಗಳನ್ನು ಬೀಜದೊಳಗೆ ಮರ ಅಡಗಿರುವಂತೆ ಅಡಗಿಸಿಟ್ಟು ಕಾಲ ಕೂಡಿ ಬಂದಾಗ ಹೊರಬರುವಂತೆ ಮಾಡಿದರು ಎಂಬುದು ಅವರ ಅಭಿಪ್ರಾಯ. ಇದನ್ನೇ ಹಿಡಿದು ಅಗಸ್ಟೀನರು ಡಾರ್ವಿನ್‌ಗಿಂತ ಮೊದಲೇ ಜೀವವಿಕಾಸ ಹೇಳಿದ್ದರೆಂದು ಹೊಗಳುವವರಿದ್ದಾರೆ. ಅದು ಅತಿಯಾಯಿತು. ಅವರು ಹೇಳಿದ್ದು ಜೀವವಿಕಾಸವಲ್ಲ.

ಆದರೆ ಅದೇ ವ್ಯಾಖ್ಯಾನದಲ್ಲಿ ಒಂದು ಎಚ್ಚರಿಕೆಯಿದೆ. ಅದನ್ನು ಓದಿದಾಗ ನಮಗೆ ಆ ತರಗತಿ ನೆನಪಾಗಿ ನಾಚಿಕೆಯಾಯಿತು. ಕ್ರೈಸ್ತನಲ್ಲದವನಿಗೂ ಭೂಮಿ, ಆಕಾಶ, ಗ್ರಹನಕ್ಷತ್ರಗಳ ಚಲನೆ, ಪ್ರಾಣಿಗಳು, ಕಲ್ಲುಗಳು, ಇವುಗಳ ಬಗ್ಗೆ ಅನುಭವದಿಂದ ಬಂದ ತಿಳಿವಳಿಕೆಯಿರುತ್ತದೆ. ಅಂಥವನ ಮುಂದೆ ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರು ಹೇಳಿ ಅಸಂಬದ್ಧವಾಗಿ ಮಾತಾಡಿದರೆ ಅವನು ನಗುತ್ತಾನೆ. ನಗೆಪಾಟಲಾಗುವುದು ಒಬ್ಬ ಅಜ್ಞಾನಿ ಮಾತ್ರವಾದರೆ ಚಿಂತೆಯಿರಲಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲೇ ನಮ್ಮ ಗ್ರಂಥ ತಪ್ಪು ಹೇಳುತ್ತದೆಂದು ಅವನಿಗೆ ಅನಿಸಿದ ಮೇಲೆ, ಸತ್ತವರ ಪುನರುತ್ಥಾನ, ನಿತ್ಯಜೀವದ ನಿರೀಕ್ಷೆ ಇಂಥ ವಿಷಯಗಳಲ್ಲಿ ಅದೇ ಗ್ರಂಥವನ್ನು ಅವನು ನಂಬುವುದು ಹೇಗೆ ಎಂದು ಸಂತರು ಕೇಳುತ್ತಾರೆ. ಪಾಸ್ಖದ ರಾತ್ರಿ ಸೃಷ್ಟಿಯ ವಾಚನದಿಂದ ಆರಂಭಿಸಿ ಬರಿದಾದ ಸಮಾಧಿಯವರೆಗೆ ಹೋಗುವ ನಮಗೆ ಈ ಮಾತು ನೇರವಾಗಿ ತಟ್ಟಬೇಕು. ಸಾವಿರದ ಆರುನೂರು ವರ್ಷಗಳ ಹಿಂದಿನ ಮಾತಿದು!

ಬಾಬಿಲೋನಿನಿಂದ ಬಿನ್ನಿ ಮಿಲ್ಲಿಗೆ

ತಾರೀಖುಪಟ್ಟಿ ಅಲ್ಲವೆಂದಾದರೆ ಆದಿಕಾಂಡದ ಮೊದಲನೆಯ ಅಧ್ಯಾಯ ಮತ್ತೇನು? ಯಾರಿಗಾಗಿ ಬರೆದದ್ದು? ಕ್ರಿಸ್ತಪೂರ್ವ 587ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಮುತ್ತಿ, ದೇವಾಲಯವನ್ನು ಸುಟ್ಟು, ಜನರನ್ನು ಸೆರೆ ಒಯ್ದರು. ಆ ಸೆರೆವಾಸದ ಕಾಲದಲ್ಲೋ ಅದರ ಬೆನ್ನಿಗೋ ಈ ಅಧ್ಯಾಯ ಈಗಿನ ರೂಪಕ್ಕೆ ಬಂತೆಂಬುದು ಬೈಬಲ್ ಪಂಡಿತರಲ್ಲಿ ಬಹುಮಂದಿಯ ಅಭಿಪ್ರಾಯ. ಬಾಬಿಲೋನಿನವರಿಗೆ ತಮ್ಮದೇ ಒಂದು ಸೃಷ್ಟಿಕಥೆಯಿತ್ತು. ನಿನೆವೆಯ ಅವಶೇಷಗಳಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಿಂದ ಅದನ್ನು ಓದಿ ಜಾರ್ಜ್ ಸ್ಮಿತ್ ಎಂಬವರು 1876ರಲ್ಲಿ ಪ್ರಕಟಿಸಿದರು. ಆ ಕಥೆಯಲ್ಲಿ ದೇವತೆಗಳ ನಡುವೆ ಯುದ್ಧವಾಗುತ್ತದೆ. ಮರ್ದೂಕ್ ದೇವತೆ ತಿಯಾಮತ್ ಎಂಬ ಸಮುದ್ರರೂಪಿಣಿಯನ್ನು ಕೊಂದು, ಅವಳ ಹೆಣವನ್ನು ಎರಡಾಗಿ ಸೀಳಿ, ಒಂದು ಭಾಗದಿಂದ ಆಕಾಶವನ್ನು ಮಾಡುತ್ತಾನೆ. ಸೋತ ಇನ್ನೊಬ್ಬ ದೇವತೆಯ ರಕ್ತದಿಂದ ಮನುಷ್ಯರು ಹುಟ್ಟುತ್ತಾರೆ. ಯಾತಕ್ಕಾಗಿ? ದೇವತೆಗಳ ದುಡಿಮೆಯ ಹೊರೆ ಹೊರುವುದಕ್ಕಾಗಿ. ಮನುಷ್ಯರು ದುಡಿಯಬೇಕು, ದೇವತೆಗಳು ವಿಶ್ರಮಿಸಬೇಕು.

ಸೆರೆಯಾಳುಗಳಾಗಿ ಆ ಊರಿನಲ್ಲಿದ್ದ ಇಸ್ರಯೇಲರಿಗೆ ಈ ಕಥೆಯ ಅರ್ಥ ಚೆನ್ನಾಗಿಯೇ ತಿಳಿದಿತ್ತು. ಅದಕ್ಕೆ ಎದುರಾಗಿ ಅವರು ತಮ್ಮ ವಿಶ್ವಾಸವನ್ನು ನಿಲ್ಲಿಸಿದ ರೀತಿ ನೋಡಿ. ಯುದ್ಧವಿಲ್ಲ, ಹೆಣವಿಲ್ಲ. ಒಬ್ಬರೇ ದೇವರು ಮಾತನಾಡುತ್ತಾರೆ, ಆಗುತ್ತದೆ, ಅದು ಚೆನ್ನಾಗಿರುತ್ತದೆ. ಬಾಬಿಲೋನಿನವರು ಅಡ್ಡಬೀಳುತ್ತಿದ್ದ ಸೂರ್ಯಚಂದ್ರರಿಗೆ ಇಲ್ಲಿ ಹೆಸರು ಕೂಡ ಇಲ್ಲ. ದೊಡ್ಡದೊಂದು, ಚಿಕ್ಕದೊಂದು, ಎರಡು ದೀಪಗಳಷ್ಟೆ, ಅದೂ ನಾಲ್ಕನೆಯ ದಿನಕ್ಕೆ ತೂಗುಹಾಕಿದ್ದು! ಆ ಸೂರ್ಯನನ್ನು ತಡವಾಗಿ ತಂದದ್ದು ವಿಜ್ಞಾನದ ಅಜ್ಞಾನದಿಂದಲ್ಲ, ಬೇಕೆಂದೇ. ಮನುಷ್ಯನು ಆಳುಮಗನಲ್ಲ, ದೇವರ ಪ್ರತಿರೂಪ. ಅರಸನೊಬ್ಬನೇ ದೇವರ ಪ್ರತಿರೂಪ ಎನ್ನುತ್ತಿದ್ದ ಕಾಲದಲ್ಲಿ ಗಂಡಿಗೂ ಹೆಣ್ಣಿಗೂ ಸಮನಾಗಿ ಆ ಮಾತನ್ನು ಹೇಳಿದ್ದು ಸಾಮಾನ್ಯ ಧೈರ್ಯವಲ್ಲ. ಕೊನೆಗೆ ಏಳನೆಯ ದಿನ ಬರುತ್ತದೆ. ಇಲ್ಲಿ ದುಡಿಯುವವರು ಸ್ವತಃ ದೇವರು. ದುಡಿದು ವಿಶ್ರಮಿಸಿದವರೂ ಅವರೇ. ಆ ವಿಶ್ರಾಂತಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳದೆ ಹಂಚಿದರು. ವಿಮೋಚನಾಕಾಂಡದ ಸಬ್ಬತ್ತಿನ ಆಜ್ಞೆ ಈ ಏಳನೆಯ ದಿನವನ್ನೇ ಕಾರಣವಾಗಿ ಹೇಳಿ, ಮನೆಯ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ದನಕರುವಿಗೂ ಊರಿನಲ್ಲಿ ಇಳಿದುಕೊಂಡ ಪರದೇಶಿಗೂ ಬಿಡುವು ಕೊಡಬೇಕೆನ್ನುತ್ತದೆ.

ಇದನ್ನು ಬಿನ್ನಿಪೇಟೆಯವರಿಗೆ ಬಿಡಿಸಿ ಹೇಳಬೇಕೇ? ನಮ್ಮ ಪೇಟೆಗೆ ಈ ಹೆಸರು ಬಂದದ್ದೇ ಮಿಲ್ಲಿನಿಂದ. 1884ರಲ್ಲಿ ಬೆಂಗಳೂರು ವುಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದು ಆರಂಭವಾಗಿ ಆಮೇಲೆ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಬಂದ ಆ ಮಿಲ್ಲು ಈಗ ಇಲ್ಲ, ಅದರ ಜಾಗದಲ್ಲಿ ಬಹುಮಹಡಿ ಮನೆಗಳೆದ್ದಿವೆ. ಆದರೆ ಪಾಳಿ ಬದಲಾಗುವ ಹೊತ್ತಿಗೆ ಮಿಲ್ಲು ಕೂಗಿದಾಗ ಎದ್ದು ಹೊರಡುತ್ತಿದ್ದ ಅಪ್ಪಂದಿರು, ತಲೆಗೂದಲಿನಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಮನೆಗೆ ಮರಳುತ್ತಿದ್ದ ತಾತಂದಿರು ಇನ್ನೂ ಹಲವು ಮನೆಗಳ ನೆನಪಿನಲ್ಲಿದ್ದಾರೆ. ವಾರಕ್ಕೊಂದು ರಜೆ ಎಂಬುದು ಈ ದೇಶದ ಮಿಲ್ಲು ಕಾರ್ಮಿಕರಿಗೆ ಯಾರೋ ದಾನವಾಗಿ ಕೊಟ್ಟದ್ದಲ್ಲ. ನಮ್ಮ ಮಿಲ್ಲು ಶುರುವಾದ 1884ರಲ್ಲೇ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮಿಲ್ಲು ಕಾರ್ಮಿಕರನ್ನು ಸಂಘಟಿಸಿ ಭಾನುವಾರದ ರಜೆಗಾಗಿ ಹೋರಾಟ ಆರಂಭಿಸಿದರು. ಅಲ್ಲಿನ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆಗಳ ಕಾಯಿದೆ ವಾರದ ರಜೆಯನ್ನು ದೇಶಕ್ಕೆಲ್ಲ ನಿಯಮ ಮಾಡಿತು. ಲೋಖಂಡೆಯವರು ಕ್ರೈಸ್ತರಲ್ಲ, ಜೋತಿಬಾ ಫುಲೆಯವರ ಅನುಯಾಯಿ. ಆದರೂ ಮನುಷ್ಯನು ಬರೀ ಆಳಲ್ಲ ಎಂಬ ಆದಿಕಾಂಡದ ಮಾತನ್ನು ಅವರು ಅರಿತಷ್ಟು, ಆರು ದಿನ ಎಂದರೆ ನೂರನಲವತ್ತನಾಲ್ಕು ಗಂಟೆಯೋ ಅಲ್ಲವೋ ಎಂದು ಜಗಳವಾಡುವವರು ಅರಿತಿಲ್ಲವೆಂದು ನಮಗೆ ಅನಿಸುತ್ತದೆ.

ಧರ್ಮಸಭೆ ನಡೆದು ಬಂದ ದಾರಿ

ಧರ್ಮಸಭೆ ಎಂದೂ ಎಡವಲಿಲ್ಲ ಎಂದು ನಾವು ಹೇಳುತ್ತಿಲ್ಲ. 1633ರಲ್ಲಿ ಗೆಲಿಲಿಯೋ ಅವರಿಗಾದ ಶಿಕ್ಷೆ ಎಲ್ಲರಿಗೂ ಗೊತ್ತು. ನ್ಯಾಯಾಧೀಶರಾಗಿ ಕುಳಿತ ದೈವಶಾಸ್ತ್ರಜ್ಞರು ಧರ್ಮಗ್ರಂಥದ ಅರ್ಥವನ್ನೂ ಅದರ ಅಕ್ಷರವನ್ನೂ ಒಂದೇ ಎಂದು ತಿಳಿದು ತಪ್ಪಿದರೆಂದು ಪೋಪ್ ಎರಡನೇ ಜಾನ್ ಪಾಲ್ 1992ರ ಅಕ್ಟೋಬರ್ 31ರಂದು ಒಪ್ಪಿಕೊಂಡರು. ಮುನ್ನೂರೈವತ್ತು ವರ್ಷ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡೆಗಳ ವಯಸ್ಸು ಬೆಳೆಯುತ್ತ ಹೋದಾಗ ಕೆಲವರು ಒಂದೊಂದು ದಿನವನ್ನೂ ಒಂದೊಂದು ಯುಗವೆಂದು ಅರ್ಥ ಮಾಡಿ ಹೊಂದಿಸಲು ನೋಡಿದರು. ಇಂದಿಗೂ ಹಾಗೆ ಪ್ರಬೋಧಿಸುವವರಿದ್ದಾರೆ. ಆದರೆ ಸೂರ್ಯನಿಲ್ಲದೆ ಕೋಟ್ಯಂತರ ವರ್ಷ ಗಿಡಮರಗಳು ಬೆಳೆದವೆನ್ನಬೇಕಾಗುತ್ತದಲ್ಲ! ಧರ್ಮಗ್ರಂಥದಿಂದ ವಿಜ್ಞಾನವನ್ನು ಹಿಂಡಿ ತೆಗೆಯುವ ಈ ಚಟ ಎಲ್ಲ ಧರ್ಮದವರಿಗೂ ಸ್ವಲ್ಪ ಸ್ವಲ್ಪ ಇದೆ.

ರೋಮಿನ ಬೈಬಲ್ ಆಯೋಗ 1909ರಲ್ಲೇ, ಈ ಅಧ್ಯಾಯದಲ್ಲಿ ವಿಜ್ಞಾನದ ಕರಾರುವಾಕ್ಕಾದ ಭಾಷೆಯನ್ನು ಹುಡುಕಬೇಕಾಗಿಲ್ಲವೆಂದಿತು. ಪ್ರಾಚೀನ ಲೇಖಕರ ಬರವಣಿಗೆಯ ಬಗೆಗಳನ್ನು ಅರಿತೇ ಬೈಬಲನ್ನು ಓದಬೇಕೆಂದು 1943ರಲ್ಲಿ ಪೋಪ್ ಹನ್ನೆರಡನೇ ಪಯಸ್ ಕಲಿಸಿದರು. ಅವರೇ 1950ರ ವಿಶ್ವಪತ್ರದಲ್ಲಿ, ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ವಿಕಾಸಗೊಂಡಿತೇ ಎಂಬುದನ್ನು ಪಂಡಿತರು ಪರಿಶೀಲಿಸಬಹುದು, ಆತ್ಮ ಮಾತ್ರ ನೇರವಾಗಿ ದೇವರ ಸೃಷ್ಟಿ ಎಂದರು. ಜೀವವಿಕಾಸವು ಬರೀ ಊಹೆಗಿಂತ ಹೆಚ್ಚಿನದೆಂದು ಎರಡನೇ ಜಾನ್ ಪಾಲ್ 1996ರ ಅಕ್ಟೋಬರ್ 22ರಂದು ಪೋಪರ ವಿಜ್ಞಾನ ಅಕಾಡೆಮಿಗೆ ಬರೆದರು. ಆ ಅಕಾಡೆಮಿಯ ಸದಸ್ಯತ್ವಕ್ಕೆ ಧರ್ಮದ ಕಟ್ಟುಪಾಡಿಲ್ಲ. ಮಲ್ಲೇಶ್ವರದಲ್ಲಿ ಮನೆ ಮಾಡಿದ್ದ ಸರ್ ಸಿ. ವಿ. ರಾಮನ್ 1961ರಲ್ಲಿ, ಬಸವನಗುಡಿಯಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ 1990ರಲ್ಲಿ ಅದರ ಸದಸ್ಯರಾದರು. ನಮ್ಮ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲೂ ಇದಕ್ಕೊಂದು ನಿದರ್ಶನವಿದೆ. ಅಲ್ಲಿ ಸಸ್ಯಶಾಸ್ತ್ರ ಕಲಿಸಿದ ಯೇಸುಸಭೆಯ ಗುರು ಸೆಸಿಲ್ ಸಲ್ಡಾನರು ಹಾಸನ ಜಿಲ್ಲೆಯ ಕಾಡುಮೇಡು ಅಲೆದು, ಗಿಡಗಳನ್ನು ಸಂಗ್ರಹಿಸಿ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಅವರೊಂದಿಗೆ 1976ರಲ್ಲಿ ಹಾಸನದ ಸಸ್ಯಸಂಪತ್ತಿನ ಮಹಾಗ್ರಂಥವನ್ನು ಹೊರತಂದರು. ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳೂ ಅವರವೇ. ಬಲಿಪೀಠಕ್ಕೂ ಸಸ್ಯಶಾಸ್ತ್ರಕ್ಕೂ ನಡುವೆ ಅವರು ಗೋಡೆ ಕಟ್ಟಿಕೊಳ್ಳಲಿಲ್ಲ.

ಇನ್ನೊಬ್ಬ ಗುರುವಿನ ಕಥೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಬೆಲ್ಜಿಯಂ ದೇಶದ ಜಾರ್ಜ್ ಲೆಮೈತ್ರ್ 1894ರಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋರಾಡಿ ಬಂದು 1923ರಲ್ಲಿ ಗುರುದೀಕ್ಷೆ ಪಡೆದರು. ಗುರುಮಠದಲ್ಲಿದ್ದಾಗ ಅವರೂ ನಮ್ಮಂತೆಯೇ ಆದಿಕಾಂಡದ ಸಾಲುಗಳಿಂದ ಭೌತಶಾಸ್ತ್ರವನ್ನು ಹೊರತೆಗೆಯಲು ನೋಡಿ ಪ್ರಬಂಧವೊಂದನ್ನು ಬರೆದಿದ್ದರು. ಮುಂದೆ ಆ ದಾರಿಯನ್ನೇ ಬಿಟ್ಟುಬಿಟ್ಟರು. 1927ರಲ್ಲಿ ಐನ್‌ಸ್ಟೈನರ ಸಮೀಕರಣಗಳನ್ನು ಹಿಡಿದು, ವಿಶ್ವ ಹಿಗ್ಗುತ್ತಿದೆ ಎಂದು ಬರೆದರು. ಅದೇ ವರ್ಷ ಬ್ರಸೆಲ್ಸಿನಲ್ಲಿ ಭೇಟಿಯಾದ ಐನ್‌ಸ್ಟೈನ್, ಲೆಕ್ಕ ಸರಿಯಿದ್ದರೂ ಭೌತಶಾಸ್ತ್ರ ಸಹಿಸಲಾಗದಂತಿದೆ ಎಂದು ತಳ್ಳಿಹಾಕಿದರು. 1931ರಲ್ಲಿ ಲೆಮೈತ್ರ್ ಇನ್ನೂ ಮುಂದೆ ಹೋಗಿ, ಹಿಗ್ಗುತ್ತಿರುವ ವಿಶ್ವವನ್ನು ಹಿಂದಕ್ಕೆ ಎಣಿಸುತ್ತ ಹೋದರೆ ಒಂದೇ ಆದಿಮ ಕಣದಲ್ಲಿ ನಿಲ್ಲುತ್ತದೆ ಎಂದರು. ಇಂದು ಶಾಲಾಮಕ್ಕಳು ಮಹಾಸ್ಫೋಟ ಎಂದು ಓದುವ ಸಿದ್ಧಾಂತದ ಮೂಲ ಇದೇ. ಆ ಇಂಗ್ಲಿಷ್ ಹೆಸರನ್ನು 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮೊದಲು ಬಳಸಿದವರು ಅದನ್ನು ಒಪ್ಪದ ಫ್ರೆಡ್ ಹಾಯ್ಲ್. ಪಾದ್ರಿಯೊಬ್ಬ ವಿಜ್ಞಾನದೊಳಕ್ಕೆ ಸೃಷ್ಟಿಕರ್ತನನ್ನು ಕಳ್ಳದಾರಿಯಲ್ಲಿ ನುಸುಳಿಸುತ್ತಿದ್ದಾನೆಂಬ ಗುಮಾನಿ ಕೆಲವು ವಿಜ್ಞಾನಿಗಳಿಗಿತ್ತು.

ಅಂಥ ಹೊತ್ತಿನಲ್ಲಿ 1951ರ ನವೆಂಬರ್ 22ರಂದು ಹನ್ನೆರಡನೇ ಪಯಸರು ವಿಜ್ಞಾನ ಅಕಾಡೆಮಿಯ ಮುಂದೆ ಭಾಷಣ ಮಾಡುತ್ತ, ಆದಿಯಲ್ಲಿ ಬೆಳಕಾಗಲೆಂದ ದೇವರ ಮಾತಿಗೆ ಆಧುನಿಕ ವಿಜ್ಞಾನವೇ ಸಾಕ್ಷಿಯಾದಂತಿದೆ ಎಂಬರ್ಥದ ಮಾತಾಡಿದರು. ಕಥೋಲಿಕರು ಹಿಗ್ಗಿದರು. ನಾವಾಗಿದ್ದರೂ ಹಿಗ್ಗುತ್ತಿದ್ದೆವು! ಹಿಗ್ಗದವರು ಲೆಮೈತ್ರ್ ಒಬ್ಬರೇ ಎನ್ನಬೇಕು. ತಮ್ಮ ಸಿದ್ಧಾಂತ ಭೌತಶಾಸ್ತ್ರದ್ದು, ನಾಳೆ ಹೊಸ ಪುರಾವೆ ಬಂದರೆ ಬದಲಾಗಬಹುದು, ಅ‌ದರ ಮೇಲೆ ಜನರ ವಿಶ್ವಾಸವನ್ನು ಕಟ್ಟಬಾರದು ಎಂಬುದು ಅವರ ಅಳಲು. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಡೇನಿಯಲ್ ಒ'ಕಾನೆಲ್ ಅವರೊಂದಿಗೆ ಮಾತಾಡಿದರು. 1952ರಲ್ಲಿ ಜಗತ್ತಿನ ಖಗೋಳವಿಜ್ಞಾನಿಗಳೆಲ್ಲ ರೋಮಿನಲ್ಲಿ ಸೇರಿದಾಗ ಪೋಪರು ಅವರನ್ನುದ್ದೇಶಿಸಿ ಮಾತಾಡಿದರು, ಆದರೆ ಹಿಂದಿನ ವರ್ಷದ ವಾದವನ್ನು ಮತ್ತೆ ಎತ್ತಲಿಲ್ಲ.

ಒಬ್ಬ ಸಾಮಾನ್ಯ ಗುರು ಜಗದ್ಗುರುವಿಗೆ ಹೀಗೆ ಹೇಳಿ ಕಳುಹಿಸಿದ್ದು, ಜಗದ್ಗುರು ಅದನ್ನು ಕೇಳಿಸಿಕೊಂಡದ್ದು ನಮ್ಮನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆದಿಕಾಂಡ ವಿಜ್ಞಾನವನ್ನು ಸುಳ್ಳು ಮಾಡಲಾರದು ಎಂದು ನಾವು ಈಗ ಸುಲಭವಾಗಿ ಒಪ್ಪುತ್ತೇವೆ. ವಿಜ್ಞಾನ ಆದಿಕಾಂಡವನ್ನು ನಿಜಮಾಡಿ ತೋರಿಸಬೇಕಾಗಿಯೂ ಇಲ್ಲ ಎಂಬ ಅವರ ಮಾತು ಮಾತ್ರ ನಮಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ವಾಟ್ಸಾಪಿನಲ್ಲಿ ವಿಜ್ಞಾನಿಗಳು ದೇವರನ್ನು ಕಂಡುಹಿಡಿದರೆಂಬ ಸಂದೇಶ ಬಂದಾಗಲೆಲ್ಲ ನಾಲ್ಕು ಗುಂಪಿಗೆ ದಾಟಿಸುವವರು ನಾವೇ ಅಲ್ಲವೇ? 1960ರಿಂದ ಸಾಯುವವರೆಗೂ ಲೆಮೈತ್ರ್ ಅದೇ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ನಮ್ಮ ರಾಮನ್ ಸದಸ್ಯರಾದದ್ದು ಅವರ ಅಧ್ಯಕ್ಷತೆಯ ಕಾಲದಲ್ಲೇ. ವಿಶ್ವದ ಆರಂಭಕಾಲದ ಬಿಸಿಯ ಕುರುಹಾದ ಕ್ಷೀಣ ವಿಕಿರಣವನ್ನು ಅಮೆರಿಕದ ಪೆನ್‌ಜಿಯಾಸ್ ಮತ್ತು ವಿಲ್ಸನ್ ಗುರುತಿಸಿದ ಸುದ್ದಿ ಕಾಯಿಲೆಯಲ್ಲಿದ್ದ ಅವರ ಕಿವಿಗೆ ಬಿತ್ತು. 1966ರ ಜೂನ್ 20ರಂದು ತೀರಿಕೊಂಡರು. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷವೆಂದು ಇಂದಿನ ಲೆಕ್ಕ.

ಆ ಹುಡುಗನಿಗೆ ಅಂದು ಏನು ಹೇಳಬಹುದಿತ್ತು? "ಎರಡೂ ಸುಳ್ಳಲ್ಲ ಮಗನೇ. ಬಂಡೆ ತನ್ನ ವಯಸ್ಸು ಹೇಳುತ್ತಿದೆ. ಈ ಅಧ್ಯಾಯ ನಿನ್ನ ಅಪ್ಪ ಯಾರ ಆಳೂ ಅಲ್ಲ ಎಂದು ಹೇಳುತ್ತಿದೆ" ಎಂದಿದ್ದರೆ ಸಾಕಿತ್ತೇನೋ. ಆಮೇಲೆ ಅವನು ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದ. ಆದಾಮ ಒಬ್ಬನೇ ಇದ್ದನೇ, ಪಾಪ ಹೇಗೆ ಬಂತು, ಡೈನೋಸಾರುಗಳು ಯಾಕೆ ಸತ್ತವು ಎಂದೆಲ್ಲ. ಕೆಲವಕ್ಕೆ ದೈವಶಾಸ್ತ್ರಜ್ಞರೇ ಇನ್ನೂ ಚರ್ಚೆ ನಡೆಸುತ್ತಿದ್ದಾರೆ. ಕೇಳಲಿ, ಕೂತು ಮಾತಾಡೋಣ ಎನ್ನಬಹುದಿತ್ತು.

ಕೊನೆಗೊಂದು ಸಣ್ಣ ಸಂಗತಿ. ಪಾಸ್ಖ ಜಾಗರಣೆ ಹಿಂದೆಲ್ಲ ಶನಿವಾರ ಬೆಳಿಗ್ಗೆಯೇ ನಡೆದುಹೋಗುತ್ತಿತ್ತು. ಅದನ್ನು 1951ರಲ್ಲಿ ಮತ್ತೆ ರಾತ್ರಿಗೆ ತಂದವರು ಇದೇ ಹನ್ನೆರಡನೇ ಪಯಸರು. ಬೆಳಿಗ್ಗೆ ಪಾಳಿಯಲ್ಲಿರುತ್ತಿದ್ದ ಕಾರ್ಮಿಕರಿಗೆ ಅದರಿಂದ ಅನುಕೂಲವಾಯಿತು. ಆದರೆ ರಾತ್ರಿ ಹೊತ್ತಾಗುತ್ತದೆಂದು ಈಗ ಹಲವು ಕಡೆ ಆದಿಕಾಂಡದ ವಾಚನವನ್ನು ಮೊಟಕಾಗಿ ಓದುತ್ತಾರೆ. ಹಾಗೆ ಓದಲು ಅನುಮತಿಯೂ ಇದೆ. ಆ ಮೊಟಕು ರೂಪ ಮೊದಲನೆಯ ವಚನವನ್ನು ಓದಿ, ನೇರವಾಗಿ ಮನುಷ್ಯನ ಸೃಷ್ಟಿಗೆ ಹಾರಿ, ಆರನೆಯ ದಿನ ಮುಗಿಯುವ ಮೊದಲೇ ನಿಂತುಬಿಡುತ್ತದೆ. ಸೂರ್ಯನಿಲ್ಲದ ಮೂರು ದಿನಗಳೂ ಇಲ್ಲ, ದೀಪಗಳಾಗಿಹೋದ ಸೂರ್ಯಚಂದ್ರರೂ ಇಲ್ಲ, ಏಳನೆಯ ದಿನದ ವಿಶ್ರಾಂತಿಯಂತೂ ಇಲ್ಲವೇ ಇಲ್ಲ. ಈ ಸಲ ಪೂರ್ತಿಯಾಗಿ ಓದಿಸಿರೆಂದು ನಮ್ಮ ಗುರುಗಳಲ್ಲಿ ಕೇಳಿಕೊಂಡೆವು, ಒಪ್ಪಿದ್ದಾರೆ. ಓದುವವರು ಮಿಲ್ಲಿನ ನೂಲುವ ವಿಭಾಗದಲ್ಲಿ ದುಡಿದ ಹಿರಿಯರೊಬ್ಬರು. ಕಣ್ಣು ಮಂಜಾಗಿದೆ, ದಪ್ಪ ಅಕ್ಷರದಲ್ಲಿ ಬರೆಸಿ ಕೊಡಿ ಎಂದಿದ್ದಾರೆ.